ತಿರುಗಿಸದ ಕುರ್ಚಿ

ಹರಿಪ್ರಿಯಾಳ ತಾಯಿಯ ಕಡೆಯವರು ಕಿವುಡು ಎಂಬ ಮಾತನ್ನು ಬಾಯಿಗೆ ತರುತ್ತಿರಲಿಲ್ಲ. ‘ಕಿವಿ ಸ್ವಲ್ಪ ಮಂದ’ ಎನ್ನುತ್ತಿದ್ದರು, ದೀಪದ ಬತ್ತಿಯನ್ನು ತುಸು ಇಳಿಸಿದ ಹಾಗೆ. ಅಜ್ಜಿಗೆ ಮೂವತ್ತೈದರ ಸುಮಾರಿಗೆ ಬತ್ತಿ ಇಳಿಯತೊಡಗಿತ್ತು. ತಾಯಿ ಕನಕಲಕ್ಷ್ಮಿಗೆ ನಲವತ್ತು ದಾಟಿದ ಮೇಲೆ. ಹರಿಪ್ರಿಯಾಗೆ ಈಗ ನಲವತ್ನಾಲ್ಕು.

ಅವಳು ಮಳವಳ್ಳಿಯ ಪಿ.ಯು. ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮನೆ ಮದ್ದೂರಿನಲ್ಲಿ, ಶಿಂಷಾ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ. ಮನೆಯಲ್ಲಿರುವವರು ಅವಳು ಮತ್ತು ಅಮ್ಮ ಇಬ್ಬರೇ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರು ಕೇಳಿ ಕೇಳಿ ದಣಿದು ಈಗ ಬೇರೆ ಮನೆಗಳ ವಿಷಯಕ್ಕೆ ಹೋಗಿದ್ದಾರೆ. ಅವಳಿಗೂ ಅದರ ಚಿಂತೆಯಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ಬಂದು, ಕಾಲು ತೊಳೆದು, ಅಪ್ಪನ ಬೆತ್ತದ ಕುರ್ಚಿಯಲ್ಲಿ ಕುಳಿತು ಒಂದು ಗಂಟೆ ವೀಣೆ ಕೇಳಿದರೆ ಅವಳ ದಿನ ತುಂಬುತ್ತಿತ್ತು.

ಅಪ್ಪ ಕಸ್ತೂರಿರಂಗ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು, ಬಿಡುವಿನಲ್ಲಿ ರೇಡಿಯೋ ಬಿಚ್ಚಿ ಕಟ್ಟುವುದು ಅವರ ಹುಚ್ಚು. ಪ್ಲೈವುಡ್ ಹಲಗೆ ಕೊಯ್ದು ತಾವೇ ಒಂದು ಸ್ಪೀಕರ್ ಪೆಟ್ಟಿಗೆ ಮಾಡಿದ್ದರು. ಹಾಡು ಹಾಕಿದರೆ ಹಾಡಿನ ಜೊತೆಗೆ ಪೆಟ್ಟಿಗೆಯೂ ಗಡಗಡ ನಡುಗುತ್ತಿತ್ತು. ಅವರು ಹೋದ ಮೇಲೂ ಅದನ್ನು ಅಟ್ಟಕ್ಕೆ ಹಾಕಲಿಲ್ಲ. ಅದಕ್ಕೆ ಕಾರಣ ಅಮ್ಮ. ಕನಕಲಕ್ಷ್ಮಿ ಒಂದು ಕಾಲಕ್ಕೆ ವೀಣೆ ನುಡಿಸುತ್ತಿದ್ದವಳು. ಕಿವಿಗೆ ಹಾಕುವ ಯಂತ್ರ ಅವಳಿಗೆ ಒಗ್ಗಲಿಲ್ಲ; ಪಾತ್ರೆಯ ಸದ್ದು ಬೆಳೆಯುತ್ತದೆ, ರಾಗ ಬೆಳೆಯುವುದಿಲ್ಲ ಎಂದು ತೆಗೆದಿಟ್ಟಿದ್ದಳು. ಆದರೆ ಪ್ಲೈವುಡ್ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತು, ಹಣೆಯನ್ನು ಹಲಗೆಗೆ ಒತ್ತಿದರೆ ಅವಳಿಗೆ ಹಾಡು ಸಿಗುತ್ತಿತ್ತು. ಕಿವಿಯ ಹಾದಿ ಮುಚ್ಚಿದ್ದರೂ ಮೂಳೆಯ ಹಾದಿ ತೆರೆದಿತ್ತು. ಹೊರಗಿನವರು ನೋಡಿದರೆ, ಪಾಪ, ಮುದುಕಿ ತಲೆನೋವಿಗೆ ಆನಿಕೊಂಡಿದ್ದಾಳೆ ಎಂದುಕೊಳ್ಳಬೇಕು.

ಒಳ್ಳೆಯ ಸ್ಪೀಕರ್ ತೆಗೆದುಕೊಳ್ಳುವ ಮಾತು ಮೊದಲು ಎತ್ತಿದ್ದೂ ಅಮ್ಮನೇ. ಬೇಸಿಗೆ ರಜೆಯಲ್ಲಿ, ಒಂದು ದಿನ ಇದ್ದಕ್ಕಿದ್ದ ಹಾಗೆ.

“ತೊಗೊಂಡುಬಿಡು ಪ್ರಿಯಾ. ಅದೇನೋ ಎತ್ತರದ್ದು, ಯಾವಾಗಲೂ ಚಿತ್ರ ನೋಡ್ತಿರ್ತೀಯಲ್ಲ. ಈಗಲೇ ತೊಗೋ.”

“ಅವಸರ ಏನಮ್ಮ? ಮುಂದಿನ ವರ್ಷ ನೋಡಿದರಾಯ್ತು.”

“ಮುಂದಿನ ವರ್ಷ ಯಾಕೆ?” ಅಮ್ಮ ಎಂದಿನಂತೆ ಬಲು ಮೆಲ್ಲಗೆ ಕೇಳಿದಳು. ಕಿವಿ ಮಂದವಾದವರು ಕೂಗಿ ಮಾತಾಡುತ್ತಾರೆ ಎಂದು ಜನ ತಿಳಿಯುತ್ತಾರೆ. ಅಮ್ಮನದು ತಿರುಗುಮುರುಗು, ತನ್ನ ದನಿ ತನಗೆ ತಲೆಬುರುಡೆಯೊಳಗೆ ದೊಡ್ಡದಾಗಿ ಕೇಳುವುದರಿಂದ ಅವಳು ಪಿಸುಗುಟ್ಟಿದಂತೆ ಮಾತಾಡುತ್ತಿದ್ದಳು. “ಈಗ ಅಂದೆ, ಈಗಲೇ.”

ಅಮ್ಮನ ಧಾರಾಳಕ್ಕೆ ಹರಿಪ್ರಿಯಾ ನಕ್ಕಳು. ಆದರೆ ಆ ವಾರವೇ ಮಂಡ್ಯದ ಯತೀಶನಿಗೆ ಫೋನು ಮಾಡಿದಳು. ಯತೀಶ್ ಅವಳ ಹಳೆಯ ವಿದ್ಯಾರ್ಥಿ. ಯಲಿಯೂರಿನ ಹುಡುಗ, ಈಗ ಮಂಡ್ಯದಲ್ಲಿ ಸೌಂಡ್ ಸಿಸ್ಟಮ್ಮಿನ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಕೇಳಿದ್ದು ಮನೆಯಲ್ಲಿ ಕೇಳಿದ ಹಾಗಿರುವುದಿಲ್ಲ, ಎರಡು ಜೊತೆ ಮನೆಗೇ ತರಬೇಕು ಎಂದು ಮೇಡಮ್ ಹೇಳಿದಾಗ ಅವನು ಇಲ್ಲ ಎನ್ನಲಿಲ್ಲ. ಭಾನುವಾರ ತಿಮ್ಮಯ್ಯ ಎಂಬುವವನ ಗೂಡ್ಸ್ ಆಟೋದಲ್ಲಿ ನಾಲ್ಕು ದೊಡ್ಡ ಪೆಟ್ಟಿಗೆ ಬಂದಿಳಿದವು.

“ಲೇ ಯತೀಸ, ಏನ್ಲಾ ಇದು, ಒಳಗೆ ಗಾಣದ ಕಲ್ಲು ಮಡಗಿದ್ದೀಯಾ?” ತಿಮ್ಮಯ್ಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕೇಳಿದ. “ಆಡು ಕೇಳಕ್ಕೆ ಇಷ್ಟು ತೂಕ್ವಾ? ನಮ್ಮೂರಲ್ಲಿ ಸೋಬಾನೆ ಯೋಳೋ ಮುದ್ದಮ್ಮ ಇದ್ರಲ್ಲಿ ಅರ್ಧ ತೂಗಕಿಲ್ಲ. ಬಾಯಿ ಬುಟ್ರೆ ಮೂರೂರಿಗೆ ಕೇಳ್ತದೆ ಕಣ್ಲಾ.”

“ಮುದ್ದಮ್ಮನ್ನ ಮಾರಕಾಯ್ತದಾ? ಇಡಿ ಸುಮ್ಕೆ,” ಎಂದ ಯತೀಶ್.

ಎದೆಯೆತ್ತರದ ಕಂಬಗಳು. ಒಂದು ಅಡುಗೆಮನೆ ಕಡೆಗೆ, ಒಂದು ಬೀದಿ ಕಡೆಗೆ. ಎದುರಿಗೆ ನಡುಮಧ್ಯದಲ್ಲಿ ಅಪ್ಪನ ಬೆತ್ತದ ಕುರ್ಚಿ. ಮೊದಲ ಜೊತೆಯಲ್ಲಿ ಮೃದಂಗದ ತೊಪ್ಪಿಯ ದಪ್ಪ ದನಿ ಎದೆಗೆ ಗುದ್ದಿತು. ಯತೀಶನಿಗೆ ಅದೇ ಇಷ್ಟ. ಹರಿಪ್ರಿಯಾ ಬೇಡವೆಂದು ತಲೆಯಾಡಿಸಿದಳು, ಎಲ್ಲ ಹಾಡಿಗೂ ಒಂದೇ ಬೆಲ್ಲದ ಪಾಕ ಸುರಿದಂತಿತ್ತು. ಎರಡನೆಯ ಜೊತೆಗೆ ತನ್ನದೇ ರುಚಿ ಎಂಬುದಿರಲಿಲ್ಲ. ವೀಣೆಯ ಮೇಲೆ ಬೆರಳು ಸರಿಯುವ ಸದ್ದು, ವಿದ್ವಾಂಸರು ಉಸಿರು ಎಳೆದುಕೊಂಡದ್ದು, ಒಂದು ಕಡೆ ಬೆರಳು ತುಸು ತಪ್ಪಿದ್ದು, ಎಲ್ಲವನ್ನೂ ಇದ್ದಂತೆ ಮುಂದಿಟ್ಟಿತು.

“ಇದು ಏನನ್ನೂ ಮುಚ್ಚಿಡಲ್ಲ. ಇದೇ ಇರಲಿ,” ಎಂದಳು.

ಅಮ್ಮ ಎದ್ದು ಬಂದು ಹೊಸ ಕಂಬಕ್ಕೆ ಅಂಗೈ ಇಟ್ಟಳು. ಹಣೆ ಒತ್ತಿದಳು. ಬೇರೆ ಕಡೆ ಒತ್ತಿದಳು. “ಇದು ಸತ್ತುಹೋಗಿದೆಯಲ್ಲೇ,” ಎಂದಳು.

“ಅಮ್ಮಾರೆ, ಪೆಟ್ಟಿಗೆ ಅಲ್ಲಾಡದೇ ಇರಕ್ಕೇ ದುಡ್ಡು ತೊಗೊಳ್ಳೋದು!” ಯತೀಶ್ ಬಾಯಿ ಬಿಡಿಸಿ ಬಿಡಿಸಿ ಹೇಳಿದ. ಅಮ್ಮ ಅವನ ತುಟಿ ನೋಡಿ ತಿಳಿದುಕೊಂಡು ಮುಗುಳ್ನಕ್ಕು, ತನ್ನ ಪ್ಲೈವುಡ್ ಪೆಟ್ಟಿಗೆಯ ಪಕ್ಕಕ್ಕೆ ವಾಪಸಾದಳು.

ಕೆಲವು ತಿಂಗಳು ಸುಖವಾಗಿ ಕಳೆದವು. ಕೆಂಪು ಗಾರೆಯ ನೆಲಕ್ಕೆ ಗೀರು ಬೀಳದಂತೆ ಹರಿಪ್ರಿಯಾ ಸ್ಪೀಕರಿನ ಮೊಳೆಗಾಲುಗಳ ಕೆಳಗೆ ಹಿತ್ತಾಳೆ ಬಿಲ್ಲೆಗಳನ್ನು ಇಟ್ಟಳು. ಕುರ್ಚಿಯ ಕಾಲುಗಳ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಆಯುಧಪೂಜೆ ಬಂತು. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಯಂತ್ರದ ಸಾಲಿನಲ್ಲಿ ಅಮ್ಮ ಎರಡು ಕಂಬಗಳಿಗೂ ಅರಿಸಿನ ಕುಂಕುಮ ಇಟ್ಟು ಸೇವಂತಿಗೆ ಏರಿಸಿದಳು.

ಹಬ್ಬ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ ಹರಿಪ್ರಿಯಾ ತನಗೆ ಬಾಯಿಪಾಠವಾಗಿದ್ದ ಒಂದು ವೀಣೆಯ ಧ್ವನಿಮುದ್ರಿಕೆ ಹಾಕಿದಳು. ಅದರಲ್ಲಿ ವೀಣೆ ನಡುವೆ, ಘಟ ಬಲಕ್ಕೆ, ತಂಬೂರಿ ಎಡಕ್ಕೆ, ಅಂದರೆ ಅಡುಗೆಮನೆ ಕಡೆಗೆ. ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಮಂದ್ರ ಷಡ್ಜ. ಉಳಿದ ಮೂರು ಮೀಟಿದ ಮೇಲೆ ಅದು ನೆಲದಿಂದ ಎದ್ದು ಬಂದಂತೆ ತುಂಬಿಕೊಳ್ಳಬೇಕು. ಅವತ್ತು ಮೂರು ತಂತಿ ಎಡಗಡೆ ನುಡಿದವು. ನಾಲ್ಕನೆಯದು ಎಡದಲ್ಲಿ ಹುಟ್ಟಿ ತೆಳ್ಳಗಾಗಿ ಬಲಕ್ಕೆ ಜಾರಿತು. ನಡುವೆ ಇರಬೇಕಾದ ವೀಣೆಯೂ ಬೀದಿ ಕಡೆಗೆ ಸರಿದು ಕುಳಿತಿತ್ತು.

ಮೊದಲು ಬಂದ ಯೋಚನೆಯನ್ನು ಅವಳು ಯೋಚಿಸಲಿಲ್ಲ. ಬಾಗಿಲಲ್ಲಿ ನಿಂತವನನ್ನು ಕಂಡೂ ಕಾಣದಂತೆ ಒಳಗೆ ಹೋಗುವ ಹಾಗೆ ಎದ್ದುಹೋಗಿ ಟಾರ್ಚು ತಂದಳು. ಅಡುಗೆಮನೆ ಕಡೆಯ ಸ್ಪೀಕರಿನ ಬಾಯಿಗೆ ಬೆಳಕು ಬಿಟ್ಟು ನೋಡಿದರೆ, ಜಾಲರಿಯ ಅಂಚಿನಲ್ಲಿ ಒಂದು ಚಿಟಿಕೆ ಕುಂಕುಮ! ಕುಂಕುಮ ಕಂಡು ಹಾಗೆ ಹಿಗ್ಗಿದ ಹೆಂಗಸು ಇನ್ನೊಬ್ಬಳಿರಲಾರಳು. ಮರುದಿನವೇ ಯತೀಶ್ ಬಂದ.

“ಮೇಡಮ್, ಈಟು ಕುಂಕುಮಕ್ಕೆ ಏನೂ ಆಗಕಿಲ್ಲ. ಅದೂ ಇದು ಸಣ್ಣ ದನಿ ಬರೋ ಕಡೆ ಬಿದ್ದಿರೋದು. ನೀವು ಯೋಳ್ತಿರೋದು ದಪ್ಪ ದನಿ.”

ಈ ಮಾತು ಅವಳೇ ಹೇಳಬೇಕಾಗಿತ್ತು. “ಹಾಗಾದ್ರೆ ಎರಡನ್ನೂ ಅದಲು ಬದಲು ಮಾಡಿಬಿಡು,” ಎಂದಳು.

ಯತೀಶ್ ತಿಮ್ಮಯ್ಯನನ್ನು ಕರೆದ. ತಿಮ್ಮಯ್ಯ ತನ್ನ ಸೊಂಟವನ್ನೂ ಸ್ಪೀಕರ್ ಮಾಡಿದವನ ವಂಶವನ್ನೂ ನೆನೆಯುತ್ತಾ ಬೀದಿ ಕಡೆಯದನ್ನು ಅಡುಗೆಮನೆ ಕಡೆಗೆ, ಅಡುಗೆಮನೆ ಕಡೆಯದನ್ನು ಬೀದಿ ಕಡೆಗೆ ಇಟ್ಟ. ಹಾಡು ಹಾಕಿದರು. ವೀಣೆ ಇದ್ದಲ್ಲೇ ಇತ್ತು, ಬೀದಿ ಕಡೆಗೆ ವಾಲಿಕೊಂಡು.

“ಈಗ ಸರಿ ಹೋಯ್ತಲ್ವಾ ಮೇಡಮ್?” ಯತೀಶ್ ಕೇಳಿದ.

“ನಿನಗೆ ವೀಣೆ ಎಲ್ಲಿ ಕೇಳಿಸ್ತಿದೆ?”

“ನಡುವೆಲಿ. ಆಗ್ಲೂ ನಡುವೆನೇ ಇತ್ತು ಕಣಿ,” ಎಂದವನು ಅವಳ ಮುಖ ನೋಡಿ ಮಾತು ಬದಲಿಸಿದ. “ಬುಡಿ, ಆಂಪ್ಲಿಫೈಯರ್ ಒಂದಪ ನೋಡ್ತೀನಿ.”

ಅವನು ತನ್ನ ಅಂಗಡಿಯ ಆಂಪ್ಲಿಫೈಯರ್ ತಂದು ಹಾಕಿದ. ತಂತಿ ಬದಲಾಯಿಸಿದ. ಅವೆಲ್ಲವೂ ಸರಿಯಾಗಿದ್ದವು. ಆಮೇಲೆ ಹರಿಪ್ರಿಯಾ ತಪ್ಪನ್ನು ಮನೆಯ ಮೇಲೆ ಹಾಕಿದಳು. ಅಡುಗೆಮನೆಯ ಬಾಗಿಲಿಂದ ಶಬ್ದ ಸೋರಿಹೋಗುತ್ತಿರಬೇಕು ಎಂದು ಅಲ್ಲಿಗೆ ದಪ್ಪ ರಜಾಯಿ ತೂಗುಹಾಕಿದಳು. ಬೀದಿ ಕಿಟಕಿಯ ಗಾಜಿಗೆ ಪರದೆ ಎಳೆದಳು. ಕಪಾಟು ಸರಿಸಿದಳು. ಅಮ್ಮ ರಜಾಯಿಯನ್ನು ಸರಿಸಿಕೊಂಡು ಒಗ್ಗರಣೆ ಸೌಟು ಹಿಡಿದು ಒಳಗೂ ಹೊರಗೂ ಓಡಾಡಿದಳು.

ಇಷ್ಟೆಲ್ಲ ಮಾಡಿದವಳು ಒಂದನ್ನು ಮಾತ್ರ ಮಾಡಲಿಲ್ಲ. ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂರಬೇಕಾಗಿತ್ತು, ಅಷ್ಟೇ. ದೋಷ ಪೆಟ್ಟಿಗೆಯದೋ ಮನೆಯದೋ ಆಗಿದ್ದರೆ ಹಾಡು ಬೀದಿ ಕಡೆಗೇ ವಾಲುತ್ತದೆ. ದೋಷ ಕೂತವಳದಾದರೆ, ಅವಳು ತಿರುಗಿದಂತೆ ಅದೂ ತಿರುಗುತ್ತದೆ. ಬೆತ್ತದ ಕುರ್ಚಿ, ಒಂದೇ ಕೈಯಲ್ಲಿ ಎತ್ತಬಹುದು. ಮೊದಲ ದಿನವೇ ಅವಳಿಗೆ ಇದು ಹೊಳೆದಿತ್ತು. ಹೊಳೆದದ್ದರಿಂದಲೇ ಟಾರ್ಚು ತರಲು ಎದ್ದಿದ್ದಳು.

ಕಾಲೇಜಿನ ಪ್ರಯೋಗಾಲಯದಲ್ಲಿ ತಂತಿಯ ರೋಧ ಅಳೆಯುವ ಮೀಟರ್ ಬ್ರಿಡ್ಜ್ ಪ್ರಯೋಗ ನಡೆಯುವಾಗ ಅವಳು ಪ್ರತಿ ಮೇಜಿಗೂ ಹೋಗಿ ಹೇಳುವ ಮಾತೊಂದಿತ್ತು: “ಎಡಗಡೆಯದನ್ನ ಬಲಕ್ಕೆ ಹಾಕಿ, ಬಲದ್ದನ್ನ ಎಡಕ್ಕೆ ಹಾಕಿ, ಇನ್ನೊಂದು ಸಲ ಓದಿ. ಒಂದೇ ಕಡೆಯಿಂದ ಓದಿದವರಿಗೆ ಅಂಕ ಇಲ್ಲ.” ಆ ವಾರ ಈ ಮಾತು ಹೇಳಲು ಬಾಯಿ ತೆರೆದವಳು ಹಾಗೇ ಮುಂದಿನ ಮೇಜಿಗೆ ನಡೆದಳು.

ದಿನಗಳು ಅಂಜಿಕೆಯಲ್ಲಿ ಸಾಗಿದವು. ಎಡಗಡೆಯ ಬೆಂಚಿನ ಹುಡುಗಿ ಉತ್ತರ ಹೇಳಿದರೆ ಅದು ತನಗೆ ಕೇಳಿತೋ, ಅಥವಾ ತುಟಿ ನೋಡಿ ಊಹಿಸಿದೆನೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಫೋನನ್ನು ಎಡಗಿವಿಗೆ ಹಿಡಿಯಲು ಕೈ ಎತ್ತಿ, ಅರ್ಧದಲ್ಲಿ ಬಲಕ್ಕೆ ಒಯ್ಯುತ್ತಿದ್ದಳು. ಒಂದು ಸಮಾಧಾನ ಮಾತ್ರ ಇತ್ತು. ಮಳವಳ್ಳಿ ಬಸ್ಸಿನಲ್ಲಿ, ಇಂಜಿನ್ನಿನ ಗದ್ದಲದ ನಡುವೆ, ಪಕ್ಕದವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಇಷ್ಟು ಸದ್ದಿನಲ್ಲಿ ಕೇಳುವ ಕಿವಿಗೆ ಏನಾಗಿದೆ ಎಂದು ಅವಳು ಧೈರ್ಯ ತಂದುಕೊಳ್ಳುತ್ತಿದ್ದಳು. ಆಮೇಲೆ ಒಂದು ಸಂಜೆ, ಬಸ್ಸು ಮದ್ದೂರಿನ ಹತ್ತಿರ ಬಂದಾಗ, ಚಿಕ್ಕಂದಿನದೊಂದು ನೆನಪು ಬಂತು. ಮೈಸೂರಿಗೆ ಹೋಗುವ ರೈಲು ಯಲಿಯೂರು ದಾಟುವಾಗ ಗಾಲಿಗಳ ಅಬ್ಬರದಲ್ಲಿ ಅಮ್ಮ ಎಲ್ಲರ ಮಾತಿಗೂ ಸರಿಯಾಗಿ ಉತ್ತರ ಕೊಡುತ್ತಿದ್ದಳು. “ನೋಡಿ, ರೈಲಲ್ಲಿ ನನ್ನ ಕಿವಿ ಸರಿಯಾಗಿಬಿಡತ್ತೆ,” ಎಂದು ಅಪ್ಪನಿಗೆ ಹೇಳಿ ನಗುತ್ತಿದ್ದಳು. ಹರಿಪ್ರಿಯಾ ಆಮೇಲೆ ಪುಸ್ತಕದಲ್ಲಿ ಓದಿದ್ದಳು: ಈ ಬಗೆಯ ಮಂದಗಿವಿಗೆ ಗದ್ದಲದಲ್ಲೇ ಮಾತು ಚೆನ್ನಾಗಿ ಕೇಳುವುದುಂಟು. ಅವಳ ಧೈರ್ಯವೇ ರೋಗದ ಗುರುತಾಗಿತ್ತು. ಅವಳು ಬಸ್ಸಿನ ಕಂಬಿ ಹಿಡಿದುಕೊಂಡಳು.

ಆ ಮೇಲೆ ಅವಳು ಹಾಡು ಕೇಳುವುದನ್ನೇ ನಿಲ್ಲಿಸಿದಳು. ಪರೀಕ್ಷೆಯ ಕೆಲಸ ಬಹಳ ಎಂದಳು. ಎರಡು ಕಂಬಗಳು ಸುಮ್ಮನೆ ನಿಂತು ಅವಳನ್ನು ನೋಡುತ್ತಿದ್ದವು. ಏನನ್ನೂ ಮುಚ್ಚಿಡಲ್ಲ ಎಂದು ಮೆಚ್ಚಿ ತಂದವು. ಈಗ ಅವುಗಳ ಎದುರು ಹಾದುಹೋಗಲೂ ಅವಳಿಗೆ ಭಯ.

ಅವರೆಕಾಯಿಯ ಕಾಲ ಬಂತು. ಒಂದು ಶನಿವಾರ ಮಧ್ಯಾಹ್ನ ಅವಳು ಕಾಲೇಜಿನಿಂದ ಬಂದಾಗ ಅಮ್ಮ ನಡುಮನೆಯಲ್ಲಿ ಮೊರ ಹಿಡಿದು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪನ ಕುರ್ಚಿ ಸೀಮೆಸುಣ್ಣದ ಗುರುತಿನ ಮೇಲೇ ಇತ್ತು. ಆದರೆ ಅದರ ಬೆನ್ನು ಸ್ಪೀಕರುಗಳ ಕಡೆಗಿತ್ತು.

ಹರಿಪ್ರಿಯಾ ಹೊಸ್ತಿಲಲ್ಲೇ ನಿಂತಳು. ಅಮ್ಮ ತಲೆಯೆತ್ತಿದ ಮೇಲೆ ಕೇಳಿದಳು: “ಗುಡಿಸೋಕೆ ತಿರುಗಿಸಿದ್ಯಾ?”

“ಗುಡಿಸೋಕಲ್ಲ. ಕೂತ್ಕೋ.”

“ಕೈಕಾಲು ತೊಳೆದು ಬರ್ತೀನಿ.”

“ತೊಳೆಯೋಕೆ ಹೋದರೆ ನೀನು ಬರಲ್ಲ. ನನಗೆ ಗೊತ್ತು. ಕೂತ್ಕೋ.”

“ಅಮ್ಮ, ನಿನಗೆ ಇದೆಲ್ಲ…”

“ಒಂದು ವರ್ಷದಿಂದ ಎಲ್ಲೇ ಕೂತರೂ ನನ್ನ ಎಡಗಡೆ ಬಂದು ಕೂರ್ತೀಯ. ನಾನು ನಿನ್ನ ಬಲಗಿವಿ ಕಡೆ ಇರಬೇಕು. ಊಟಕ್ಕೆ ನಾನು ಈ ಕಡೆ ತಟ್ಟೆ ಇಟ್ಟರೆ ಎತ್ಕೊಂಡು ಆ ಕಡೆ ಹೋಗ್ತೀಯ. ನಿನಗೇ ಗೊತ್ತಿಲ್ಲದ ಹಾಗೆ.” ಅಮ್ಮ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. “ಕಿವಿ ಹೋದವಳಿಗೆ ಕಣ್ಣೇ ಕೆಲಸ ಕಣೇ. ನಾನೂ ಹೀಗೇ ತಟ್ಟೆ ಎತ್ಕೊಂಡು ಓಡಾಡ್ತಿದ್ದೆ.”

ಹರಿಪ್ರಿಯಾಗೆ ಬೇಸಿಗೆಯ ಆ ದಿನ ನೆನಪಾಯಿತು. “ಅದಕ್ಕೇನಾ ಈಗಲೇ ತೊಗೋ ಅಂತ ಅಷ್ಟು ಹಟ ಮಾಡಿದ್ದು?”

ಅಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು. “ಕೇಳಿಸೋವಾಗ ಒಳ್ಳೇದು ಕೇಳಿಸಿಕೊಂಡುಬಿಡಲಿ ಅಂತ ಅನ್ನಿಸ್ತು. ನಿನಗೆ ಹೇಳೋಕೆ ಧೈರ್ಯ ಸಾಲಲಿಲ್ಲ. ನನ್ನಿಂದ ಬಂದಿದ್ದಲ್ವಾ?”

“ಅದು ಯಾರ ತಪ್ಪೂ ಅಲ್ಲಮ್ಮ.”

“ತಪ್ಪಲ್ಲದೆ ಇರಬಹುದು. ಹೆದರಿಕೆ ಹೋಗುತ್ಯೇ?” ಅಮ್ಮ ಮೊರವನ್ನು ಪಕ್ಕಕ್ಕಿಟ್ಟಳು. “ನನಗೂ ಮೊದಲು ಹೋಗಿದ್ದು ಮಂದ್ರದ ತಂತಿಯೇ. ನಿಮ್ಮಪ್ಪ, ಒಂದು ಸಲ ಮೈಸೂರಿಗೆ ಹೋಗಿ ತೋರಿಸೋಣ ಅಂದರು. ನಾನು, ವೀಣೇದೇ ದೋಷ ಅಂದೆ. ತಂತಿ ಬದಲಾಯಿಸಿದೆ. ಹಳೇ ಮೇಣ ತೆಗೆಸಿ, ಮೆಟ್ಟಿಲುಗಳನ್ನ ಮತ್ತೆ ಕೂರಿಸಿ ಮೇಳ ಕಟ್ಟಿಸಿದೆ. ಕೊನೆಗೆ ವೀಣೆಯ ಸೋರೆಬುರುಡೇನೂ ಬೇರೆ ಹಾಕಿಸಿದೆ. ವೀಣೆ ಹೊಸದಾಗಿ ಹೊಳೀತಿತ್ತು. ಅಷ್ಟರಲ್ಲಿ ಇನ್ನೊಂದು ಕಿವಿಯೂ ಹೊರಟಿತ್ತು. ನೀನು ರಜಾಯಿ ಕಟ್ಟಿದ ದಿನ ನನಗೆ ಆ ಬುರುಡೆ ನೆನಪಾಯ್ತು.”

ಹರಿಪ್ರಿಯಾ ಚೀಲ ಇಳಿಸಿ, ಅದೇ ವೀಣೆಯ ಧ್ವನಿಮುದ್ರಿಕೆ ಹಾಕಿ, ಕುರ್ಚಿಯಲ್ಲಿ ಕುಳಿತಳು. ಎದುರಿಗೆ ಬರಿಯ ಗೋಡೆ, ಗೋಡೆಯಲ್ಲಿ ಕ್ಯಾಲೆಂಡರು. ಈಗ ಅಡುಗೆಮನೆ ಅವಳ ಬಲಕ್ಕೆ, ಬೀದಿ ಎಡಕ್ಕೆ. ಕಣ್ಣು ಮುಚ್ಚಿದಳು.

ಬೆನ್ನ ಹಿಂದೆ ತಂಬೂರಿ ಎದ್ದಿತು. ಒಂದು, ಎರಡು, ಮೂರು. ನಾಲ್ಕನೆಯ ತಂತಿ ನೆಲದಿಂದೆದ್ದು ತುಂಬಿಕೊಂಡು, ಅಲುಗದೆ, ಅಡುಗೆಮನೆ ಕಡೆಯಲ್ಲೇ ನಿಂತು ನುಡಿಯಿತು. ಹಬ್ಬ ಕಳೆದ ಮೇಲೆ ಅಷ್ಟು ಚೆನ್ನಾಗಿ ಅವಳು ಅದನ್ನು ಕೇಳಿಯೇ ಇರಲಿಲ್ಲ. ಆಮೇಲೆ ವೀಣೆ ಬಂತು. ಅದು ಬೀದಿ ಕಡೆಯನ್ನು ಬಿಟ್ಟು ಅಡುಗೆಮನೆ ಕಡೆಗೆ ವಾಲಿತ್ತು. ಪೆಟ್ಟಿಗೆ ಅಲುಗಿರಲಿಲ್ಲ, ಗೋಡೆ ಅಲುಗಿರಲಿಲ್ಲ. ಜಾಗ ಬದಲಾಯಿಸಿದ್ದವಳು ಅವಳೊಬ್ಬಳೇ.

ಅವಳು ಹಾಡು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ತೆರೆದಾಗ ಅಮ್ಮ ಎದುರಿಗೆ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು. ಹರಿಪ್ರಿಯಾ ಎಡಗಿವಿಯನ್ನು ಮುಟ್ಟಿ ತೋರಿಸಿದಳು. ಅಮ್ಮ ತಲೆಯಾಡಿಸಿದಳು. ನಂತರ ಅವಳ ಕೈ ಹಿಡಿದು ಎಬ್ಬಿಸಿ ಪ್ಲೈವುಡ್ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಳು.

“ಇದನ್ನ ಹಾಕು. ಹಣೆ ಇಡು. ನಡುವೆ.”

ಹರಿಪ್ರಿಯಾ ತಂತಿ ಜೋಡಿಸಿ, ನೆಲದ ಮೇಲೆ ಕುಳಿತು, ಹಣೆಯ ನಡುಭಾಗವನ್ನು ಅಪ್ಪನ ಹಲಗೆಗೆ ಒತ್ತಿದಳು. ಎರಡು ಕಿವಿಗೂ ಬೆರಳಿಟ್ಟುಕೊಳ್ಳುವ ಮೊದಲೇ ಅದು ಕೇಳಿತು. ಒರಟಾದ, ಗಡಗಡಿಸುವ ಮಂದ್ರ. ತಲೆಯ ಒಳಗೆ, ಎಡಗಡೆ. ಗಾಳಿಯಲ್ಲಿ ಬಂದಾಗ ಬಲಕ್ಕೆ ಓಡಿಹೋಗುತ್ತಿದ್ದ ತಂತಿ ಮೂಳೆಯಲ್ಲಿ ಬಂದಾಗ ನೆಟ್ಟಗೆ ಎಡಗಿವಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಟ್ಯೂನಿಂಗ್ ಫೋರ್ಕ್ ಎಂಬ ಶ್ರುತಿಕವೆಯನ್ನು ಮಿಡಿದು ಹಣೆಗಿಟ್ಟು ವೈದ್ಯರು ಮಾಡುವ ಪರೀಕ್ಷೆ ಇದೇ ಎಂದು ಅವಳಿಗೆ ಗೊತ್ತಿತ್ತು. ಕಿವಿಯೊಳಗಿನ ಪುಟ್ಟ ಮೂಳೆ ಮಾತ್ರ ಬಿಗಿದುಕೊಂಡು, ಹಿಂದಿನ ನರ ಇನ್ನೂ ಜೀವಂತವಾಗಿದ್ದರೆ ಹೀಗಾಗುತ್ತದೆ. ಅಂಥ ಮೂಳೆಗೆ ಈಗ ಶಸ್ತ್ರಚಿಕಿತ್ಸೆಯಿದೆ. ಎಲ್ಲರಿಗೂ ಗುಣವಾಗುವುದಿಲ್ಲ. ಇದ್ದದ್ದೂ ಹೋದವರಿದ್ದಾರೆ. ಅದೂ ಅವಳಿಗೆ ಗೊತ್ತಿತ್ತು. ನೆಲದ ಮೇಲೆ ಕುಳಿತು ಮಾಡಿದ ಪರೀಕ್ಷೆಯನ್ನು ನಂಬುವಷ್ಟು ದಡ್ಡಿಯೂ ಅವಳಲ್ಲ. ಆದರೂ ಹಣೆ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಅಮ್ಮನೂ ಬಂದು ಕುಳಿತು ತನ್ನ ಹಣೆಯನ್ನು ಒತ್ತಿದಳು. ಮೊರದಲ್ಲಿ ಅವರೆಕಾಯಿ ಅರ್ಧಕ್ಕೇ ಉಳಿಯಿತು.

ಸೋಮವಾರ ಅವಳು ರಜೆ ಹಾಕಿ, ಮೈಸೂರಿನ ಕಿವಿ ವೈದ್ಯರಿಗೆ ತೋರಿಸಲು ಹೊರಟಳು. ಅಮ್ಮ ಮಡಿಸಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ಆಗಲೇ ನಿಂತಿದ್ದಳು. ಮದ್ದೂರಿನಲ್ಲಿ ರೈಲು ಹತ್ತಿದಾಗ ಹರಿಪ್ರಿಯಾ ಬೇಕೆಂದೇ ಅಮ್ಮನ ಬಲಗಡೆ ಕುಳಿತಳು. ಈಗ ಅಮ್ಮ ಇದ್ದದ್ದು ಅವಳ ಎಡಗಿವಿಯ ಕಡೆಗೆ.

ಮಂಡ್ಯ ದಾಟಿತು. ಯಲಿಯೂರಿನ ಹತ್ತಿರ ರೈಲು ವೇಗ ಹಿಡಿದು ಗಾಲಿಗಳು ಅಬ್ಬರಿಸತೊಡಗಿದವು. ಅಮ್ಮ ಕಿಟಕಿಯ ಕಡೆ ನೋಡುತ್ತಲೇ, ತನ್ನ ಎಂದಿನ ಪಿಸುದನಿಯಲ್ಲಿ ಕೇಳಿದಳು: “ಹೆದರಿಕೆ ಆಗ್ತಿದೆಯಾ?”

ಆ ಗದ್ದಲದಲ್ಲಿ ಆ ಪಿಸುಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಯಾಕೆ ಕೇಳಿಸಿತು ಎಂಬುದೂ ಅವಳಿಗೆ ತಿಳಿದಿತ್ತು.

“ಹೂಂ. ಆಗ್ತಿದೆ,” ಎಂದಳು. ಕಿಟಕಿಯ ಕಡೆ ತಿರುಗಿದ್ದ ಅಮ್ಮನಿಗೂ, ತುಟಿ ನೋಡದೆಯೇ, ಆ ಮಾತು ಕೇಳಿಸಿತು. ಅವಳು ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.